ಮನೆಯ ವಿಮಾನಾಭ್ಯಾಸಕ್ಕೆ ಮದರ್‌ಬೋರ್ಡ್: ಆಯ್ಕೆಯ ವಿವೇಕ

ವೇಣೂರು-ಮೂಡಬಿದಿರೆಯ ಹಾದಿಯೂ ಉಪ್ಪಿನಂಗಡಿಯ ಹಾದಿಯೂ ಬಂದು ಮಂಗಳೂರಿನ ಹೆದ್ದಾರಿಯನ್ನು ಕೂಡುವ ಗುರುವಾಯನಕೆರೆಯಂತಹ ಊರುಗಳಿಗೆ ವಿಮಾನವೆಂಬುದು ಬಹುಕಾಲ ಆಕಾಶದಲ್ಲಿ ಕೇಳಿಬರುವ ಸದ್ದು ಮಾತ್ರವಾಗಿತ್ತು. 1951ರ ಡಿಸೆಂಬರ್ 25ರಂದು ಬಜ್ಪೆಯಲ್ಲಿ ವಿಮಾನ ನಿಲ್ದಾಣವು ಆರಂಭಗೊಂಡ ಮೇಲೂ ಅದು ಅನುಕೂಲಸ್ಥರ, ಅನಂತರ ಹೊಟ್ಟೆಪಾಡಿಗಾಗಿ ಪರದೇಶಕ್ಕೆ ಹೊರಟವರ ವಾಹನವಾಗಿಯೇ ಉಳಿಯಿತು. ವೈಮಾನಿಕನಾಗಬೇಕೆಂಬ ಹಂಬಲ ಬೆಳ್ತಂಗಡಿ ತಾಲೂಕಿನ ಅಡಕೆ ಕೃಷಿಕನೊಬ್ಬನ ಮಗನಿಗೋ ಮಗಳಿಗೋ ಹುಟ್ಟಿದರೆ, ಆ ಶಿಕ್ಷಣದ ವೆಚ್ಚವನ್ನು ಕೇಳಿದ ಕ್ಷಣವೇ ಹಂಬಲವು ನೆಲಕ್ಕಿಳಿಯುತ್ತದೆ. ಅದು ಹಲವು ಹತ್ತು ಲಕ್ಷ ರೂಪಾಯಿಗಳ ಮಾತು. ಇಂತಹ ಮಕ್ಕಳಿಗೆ ಮನೆಯ ಮೇಜಿನ ಮೇಲೆಯೇ ವಿಮಾನ ನಡೆಸುವ ಅಭ್ಯಾಸವನ್ನು ಮಾಡಿಸಬಲ್ಲ ಗಣಕಯಂತ್ರವು ಒಂದು ಕಿರುಬಾಗಿಲನ್ನಾದರೂ ತೆರೆದಿದೆ. ಬಿಡಿಭಾಗಗಳನ್ನು ತಂದು ಅದನ್ನು ಸ್ವತಃ ಜೋಡಿಸಿಕೊಳ್ಳುವುದೂ ಈಗ ಅಸಾಧ್ಯವೇನಲ್ಲ. ಆದರೆ ಈ ಜೋಡಣೆಯಲ್ಲಿ ಅತ್ಯಂತ ಕಡಿಮೆ ವಿಚಾರಕ್ಕೆ ಒಳಗಾಗುವ, ತಪ್ಪಿದಲ್ಲಿ ಉಳಿದೆಲ್ಲವನ್ನೂ ವ್ಯರ್ಥಗೊಳಿಸುವ ಅಂಗವೊಂದಿದೆ. ಅದುವೇ ಮದರ್‌ಬೋರ್ಡ್.

ನೆಲದ ಮೇಲೆ ಕುಳಿತು ಹಾರಾಟ ಕಲಿಯುವುದು ಹೊಸ ವಿಚಾರವೇನೂ ಅಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು 1929ರ ವೇಳೆಗೆ ಇಂತಹ ಮೊದಲ ಯಂತ್ರವನ್ನು ಸಿದ್ಧಗೊಳಿಸಿದನು. ಆತನ ತಂದೆಯದು ಆರ್ಗನ್ ವಾದ್ಯಗಳ ಕಾರ್ಖಾನೆ. ಹಾರ್ಮೋನಿಯಮ್ಮಿಗೆ ಗಾಳಿಯೂದುವ ತಿದಿಯಂಥ ಆ ವಾದ್ಯದ ತಿದಿಗಳನ್ನೇ ಆತನು ಒಂದು ಪುಟ್ಟ ಮರದ ವಿಮಾನದ ಕೆಳಗೆ ಹೂಡಿ, ಅದು ವಾಲುವಂತೆ, ಏಳುವಂತೆ, ತಿರುಗುವಂತೆ ಮಾಡಿದನು. ಮೊದಮೊದಲು ಅದನ್ನು ಜಾತ್ರೆಯ ಆಟಿಕೆಯೆಂದೇ ಜನ ಬಗೆದರು. 1934ರಲ್ಲಿ ಅಂಚೆ ಒಯ್ಯುವ ಕೆಲಸಕ್ಕೆ ನಿಂತ ಅಲ್ಲಿನ ಸೈನ್ಯದ ವೈಮಾನಿಕರು ಕೆಟ್ಟ ಹವೆಯಲ್ಲಿ ಒಬ್ಬರ ಮೇಲೊಬ್ಬರಂತೆ ಸತ್ತಾಗ, ಸೈನ್ಯವು ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಕೊನೆಗೆ ಅವುಗಳ ಸಂಖ್ಯೆ ಹತ್ತು ಸಾವಿರವನ್ನು ಮೀರಿತ್ತು. ಕರ್ನಾಟಕದಲ್ಲಿಯೇ, 2001ರ ಜನವರಿ 4ರಂದು ಬೆಂಗಳೂರಿನಿಂದ ಮೊದಲು ಹಾರಿದ ಹಗುರ ಯುದ್ಧವಿಮಾನವನ್ನು ಅದಕ್ಕೂ ಮುನ್ನ ವೈಮಾನಿಕರು ಸಿಮ್ಯುಲೇಟರಿನಲ್ಲಿ ಕುಳಿತು ಪರೀಕ್ಷಿಸಿದ್ದರು.

ಈ ಅಭ್ಯಾಸದ ಗಾಂಭೀರ್ಯವು ದಕ್ಷಿಣ ಕನ್ನಡದವರಿಗೆ ತಿಳಿಯದ್ದಲ್ಲ. 2010ರ ಮೇ 22ರ ಬೆಳಗಿನಲ್ಲಿ ದುಬೈಯಿಂದ ಬಂದ ವಿಮಾನವು ಬಜ್ಪೆಯ ಗುಡ್ಡದ ತುದಿಯಿಂದ ಕಮರಿಗೆ ಜಾರಿ, ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಇರಬೇಕಾದುದಕ್ಕಿಂತ ಹೆಚ್ಚು ಎತ್ತರದಲ್ಲಿ ಬಂದ ವಿಮಾನವು 2,450 ಮೀಟರ್ ಉದ್ದದ ರನ್‌ವೇಯಲ್ಲಿ ಸುಮಾರು 1,600 ಮೀಟರ್ ಕಳೆದ ಮೇಲೆ ನೆಲ ಮುಟ್ಟಿತೆಂದೂ, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಸಹವೈಮಾನಿಕರು ಮೂರು ಸಲ ಹೇಳಿದರೂ ಅದು ನಡೆಯಲಿಲ್ಲವೆಂದೂ ವಿಚಾರಣಾ ಮಂಡಲಿಯು ಕಂಡುಕೊಂಡಿತು. ಇಳಿಯುವುದನ್ನು ಕಲಿಯುವಷ್ಟೇ ಇಳಿಯದೆ ಹಿಂದಿರುಗುವುದನ್ನೂ ಕಲಿಯಬೇಕು. ಸಿಮ್ಯುಲೇಟರಿನಲ್ಲಿ ಆ ನಿರ್ಧಾರವನ್ನು ನೂರು ಬಾರಿ ಅಭ್ಯಾಸ ಮಾಡಬಹುದು. ಮನೆಯ ಯಂತ್ರದಲ್ಲಿ ಕಳೆದ ಗಂಟೆಗಳು ವೈಮಾನಿಕ ಲೈಸೆನ್ಸಿನ ಲೆಕ್ಕಕ್ಕೆ ಸೇರವು, ಅದಕ್ಕೆ ಸರಕಾರದ ಮನ್ನಣೆ ಪಡೆದ ಉಪಕರಣವೇ ಆಗಬೇಕು ಎಂಬುದು ನಿಜ. ಆದರೂ ಮನಸ್ಸಿಗೆ ಕ್ರಮವನ್ನು ಕಲಿಸುವ ಶಕ್ತಿ ಅದಕ್ಕುಂಟು.

ಆ ಕ್ರಮ ಕಲಿಯಬೇಕಾದರೆ ಯಂತ್ರವು ತಡವರಿಸಬಾರದು. ಎತ್ತರದ ಆಕಾಶದಲ್ಲಿ ಹಾರುವಾಗ ಎಂತಹ ಗಣಕವೂ ಸರಾಗವಾಗಿ ನಡೆದೀತು. ವಿಮಾನವು ನಿಲ್ದಾಣದ ಸಮೀಪಕ್ಕೆ ಇಳಿದಂತೆ ಮರ, ಮನೆ, ರಸ್ತೆ, ಮೋಡಗಳೆಲ್ಲ ಒಮ್ಮೆಗೇ ತೆರೆಯ ಮೇಲೆ ಮೂಡಬೇಕಾಗುತ್ತದೆ. ಚಿತ್ರವು ಕುಂಟುವುದು ಆಗಲೇ, ಅಂದರೆ ಕೈ ಅತ್ಯಂತ ಸೂಕ್ಷ್ಮವಾಗಿ ಕೆಲಸ ಮಾಡಬೇಕಾದ ಹೊತ್ತಿನಲ್ಲೇ. ಈ ಬಗೆಯ ತಂತ್ರಾಂಶಗಳ ಭಾರವು ಬಹುಮಟ್ಟಿಗೆ ಪ್ರೊಸೆಸರಿನ ಒಂದೆರಡು ಕೋರ್‌ಗಳ ಮೇಲೆಯೇ ಬೀಳುವುದರಿಂದ, ಹೆಚ್ಚು ಕೋರ್‌ಗಳಿಗಿಂತ ವೇಗದ ಕೋರ್ ಮತ್ತು ದೊಡ್ಡ ಕ್ಯಾಶ್ ಮೆಮೊರಿ ಇಲ್ಲಿ ಉಪಕಾರಿ. ಎಎಂಡಿ ಕಂಪನಿಯ ಎಕ್ಸ್3ಡಿ ಎಂಬ ಪ್ರೊಸೆಸರುಗಳು ವಿಮಾನಾಭ್ಯಾಸಿಗಳಲ್ಲಿ ಹೆಸರು ಪಡೆದಿರುವುದು ಈ ಕಾರಣದಿಂದಲೇ.

ಹಾಗಾದರೆ ಮದರ್‌ಬೋರ್ಡ್ ಮಾಡುವುದೇನು? ವೇಗವನ್ನು ಅದು ಕೊಡುವುದಿಲ್ಲ. ಇದನ್ನು ಮೊದಲು ಮನಗಾಣಬೇಕು. ಒಂದೇ ಪ್ರೊಸೆಸರನ್ನು ಸಾಧಾರಣ ಬೆಲೆಯ ಬೋರ್ಡಿನಲ್ಲೂ ಅದರ ಮೂರು ಪಟ್ಟು ಬೆಲೆಯ ಬೋರ್ಡಿನಲ್ಲೂ ಕೂರಿಸಿ ನೋಡಿದರೆ ಬಜ್ಪೆಯ ಮೇಲಿನ ಹಾರಾಟದಲ್ಲಿ ಕಣ್ಣಿಗೆ ಕಾಣುವ ಅಂತರವಿರದು. ಬೋರ್ಡ್ ನಿರ್ಧರಿಸುವುದು ಬೇರೆಯದನ್ನು: ಯಾವ ಪ್ರೊಸೆಸರ್ ಕೂರಬಲ್ಲದು, ಯಾವ ಮೆಮೊರಿ ಹೊಂದೀತು, ಎಷ್ಟು ಉಪಕರಣಗಳು ಜೋಡಣೆಗೊಂಡಾವು, ನಾಲ್ಕು ವರ್ಷಗಳ ಅನಂತರ ಒಂದೇ ಭಾಗವನ್ನು ಬದಲಿಸಿದರೆ ಸಾಕೋ ಇಡೀ ಯಂತ್ರವನ್ನೇ ಬಿಸುಡಬೇಕೋ ಎಂಬುದನ್ನು. ಕಟ್ಟಡದ ಪಂಚಾಂಗವು ಕೋಣೆಗೆ ಬೆಳಕು ಕೊಡದು. ಮೇಲೆ ಇನ್ನೊಂದು ಅಂತಸ್ತು ಏಳಬಹುದೇ ಎಂಬುದನ್ನು ಮಾತ್ರ ಅದೇ ಹೇಳುತ್ತದೆ.

ಈ ದೃಷ್ಟಿಯಿಂದ ಮೊದಲು ನೋಡಬೇಕಾದುದು ಪ್ರೊಸೆಸರ್ ಕೂರುವ ಸಾಕೆಟ್ಟನ್ನು. ಎಎಂಡಿಯ ಎಎಂ4 ಸಾಕೆಟ್ಟಿನ ಕಥೆ ಇಲ್ಲಿ ಬೋಧಪ್ರದ. 2017ರಲ್ಲಿ ಆ ಬಗೆಯ ಬೋರ್ಡನ್ನು ಕೊಂಡವರಲ್ಲಿ ಅನೇಕರು, 2022ರಲ್ಲಿ ಬಂದ 5800ಎಕ್ಸ್3ಡಿ ಪ್ರೊಸೆಸರನ್ನು ಬಯೋಸ್ ತಂತ್ರಾಂಶದ ನವೀಕರಣವೊಂದರಿಂದಲೇ ಅದೇ ಬೋರ್ಡಿನಲ್ಲಿ ಕೂರಿಸಿಕೊಂಡರು. ಇಂಟೆಲ್ ಕಂಪನಿಯಾದರೋ 2020ರಲ್ಲಿ ಒಂದು, 2021ರಲ್ಲಿ ಇನ್ನೊಂದು, 2024ರಲ್ಲಿ ಮತ್ತೊಂದು ಸಾಕೆಟ್ಟನ್ನು ತಂದಿತು. ಒಂದರ ಪ್ರೊಸೆಸರ್ ಮತ್ತೊಂದರಲ್ಲಿ ಕೂರದು. ಇಂಟೆಲ್‌ನ ಪ್ರೊಸೆಸರುಗಳು ಕೀಳೆಂದು ಇದರ ಅರ್ಥವಲ್ಲ. ಆದರೆ ತುಸುತುಸುವಾಗಿ ಹಣ ಕೂಡಿಸಿ, ಇಂದು ಸಾಧಾರಣ ಪ್ರೊಸೆಸರ್, ಮೂರು ವರ್ಷಗಳ ಬಳಿಕ ಉತ್ತಮ ಪ್ರೊಸೆಸರ್ ಎಂದು ಯೋಜಿಸುವ ಕುಟುಂಬಕ್ಕೆ ಬಹುಕಾಲ ಬಾಳುವ ಸಾಕೆಟ್ಟೇ ಹಿತ. 2022ರಲ್ಲಿ ಬಂದ ಎಎಂ5 ಸಾಕೆಟ್ಟಿನಲ್ಲಿ 2023ರ 7800ಎಕ್ಸ್3ಡಿಯೂ 2024ರ 9800ಎಕ್ಸ್3ಡಿಯೂ ಕೂರುತ್ತವೆ. ಇವು ಮಿತವಾಗಿ ವಿದ್ಯುತ್ತನ್ನು ಬಳಸುವ ಪ್ರೊಸೆಸರುಗಳಾದ್ದರಿಂದ, ಬಿ650ರಂತಹ ಮಧ್ಯಮ ವರ್ಗದ ಚಿಪ್‌ಸೆಟ್ಟಿನ ಬೋರ್ಡ್ ಧಾರಾಳವಾಗಿ ಸಾಕು. ಅಂಗಡಿಯಲ್ಲಿ ಬಹಳ ಕಾಲ ಉಳಿದ ಬೋರ್ಡ್ ಹೊಸ ಪ್ರೊಸೆಸರನ್ನು ಗುರುತಿಸದೆ ಹೋಗುವುದುಂಟು. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸನ್ನು ನವೀಕರಿಸುವ ಗುಂಡಿಯುಳ್ಳ ಬೋರ್ಡನ್ನು ಆರಿಸಿದರೆ, ಅದಕ್ಕಾಗಿ ಮಂಗಳೂರಿಗೆ ಮತ್ತೊಮ್ಮೆ ಬಸ್ಸು ಹತ್ತುವ ಶ್ರಮ ತಪ್ಪುತ್ತದೆ. ಬೋರ್ಡಿನ ಅಂಚಿನಲ್ಲಿ ಮಿನುಗುವ ಬಣ್ಣದ ದೀಪಗಳಿಗೆ ಹಣ ತೆರುವವರೂ ಇದ್ದಾರೆ. ದೀಪಾವಳಿಯ ಸಾಮಗ್ರಿ ಅದಕ್ಕಿಂತ ಅಗ್ಗಕ್ಕೆ ಸಿಗುತ್ತದೆ.

ಮೆಮೊರಿಯ ವಿಷಯದಲ್ಲಿ ಮಾತು ಚಿಕ್ಕದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ 2024ರ ಆವೃತ್ತಿಗೆ ಕನಿಷ್ಠ 16 ಜಿಬಿ ಬೇಕು, 32 ಜಿಬಿ ಯೋಗ್ಯ. ಡಿಡಿಆರ್4 ಮೆಮೊರಿಯು ಡಿಡಿಆರ್5 ಬೋರ್ಡಿನಲ್ಲಿ ಕೂರದು. ಡಿಡಿಆರ್5ರಲ್ಲಿ ನಾಲ್ಕು ಕಡ್ಡಿಗಳನ್ನು ತುಂಬಿದರೆ ವೇಗ ತಗ್ಗುವುದರಿಂದ, ಆರಂಭದಲ್ಲೇ ಎರಡು 16 ಜಿಬಿ ಕಡ್ಡಿಗಳನ್ನು ಹಾಕುವುದು ಲೇಸು.

ಇನ್ನು ಸಾಮಾನ್ಯ ಗಣಕಕ್ಕೂ ವಿಮಾನಾಭ್ಯಾಸದ ಗಣಕಕ್ಕೂ ಇರುವ ಮುಖ್ಯ ಭೇದ ಯುಎಸ್‌ಬಿ ದ್ವಾರಗಳದು. ಜಾಯ್‌ಸ್ಟಿಕ್ಕು, ಎಂಜಿನ್ನಿನ ವೇಗ ನಿಯಂತ್ರಿಸುವ ಥ್ರಾಟಲ್, ಕಾಲಿನ ಪೆಡಲುಗಳು, ಗುಂಡಿಗಳ ಪೆಟ್ಟಿಗೆ, ಕಿವಿಗೆ ಹೆಡ್‌ಸೆಟ್, ಕೀಲಿಮಣೆ, ಮೌಸ್ ಇವೆಲ್ಲಕ್ಕೂ ಒಂದೊಂದು ದ್ವಾರ ಬೇಕು. ಅಗ್ಗದ ಬೋರ್ಡಿನ ಹಿಂಬದಿಯಲ್ಲಿ ನಾಲ್ಕೋ ಆರೋ ಇರುತ್ತವೆ. ಹಬ್ ಇಟ್ಟು ಹೆಚ್ಚಿಸಿಕೊಳ್ಳಬಹುದಾದರೂ, ಯುಎಸ್‌ಬಿ 2.0 ದ್ವಾರವೊಂದು ಕೊಡಬೇಕಾದ ವಿದ್ಯುತ್ತು 500 ಮಿಲಿಆಂಪಿಯರ್ ಮಾತ್ರ. ಅದನ್ನು ನಾಲ್ಕು ಉಪಕರಣಗಳು ಹಂಚಿಕೊಂಡರೆ, ಇಳಿಯುವ ಹೊತ್ತಿಗೆ ಸರಿಯಾಗಿ ಪೆಡಲುಗಳ ಸಂಬಂಧ ಕಡಿದುಹೋಗಬಹುದು. ಹಬ್ ಬೇಕೇ ಆದರೆ ಅದಕ್ಕೆ ಪ್ರತ್ಯೇಕ ಅಡಾಪ್ಟರ್ ಇರಬೇಕು. ಹಿಂಬದಿಯಲ್ಲಿ ಎಂಟಾದರೂ ದ್ವಾರಗಳುಳ್ಳ ಬೋರ್ಡಿಗೆ ಕೊಂಚ ಹೆಚ್ಚು ತೆತ್ತರೆ ಅದು ದುಂದಲ್ಲ.

ಆದರೆ ಗುರುವಾಯನಕೆರೆಯ ಸೀಮೆಯಲ್ಲಿ ಬೋರ್ಡಿನ ನಿಜವಾದ ಶತ್ರು ಸಿಡಿಲು. ಪೇಟೆಯವರು ಬರೆದ ಸಲಹೆಗಳಲ್ಲಿ ಇದರ ಪ್ರಸ್ತಾಪವೇ ಅಪೂರ್ವ. ಏಪ್ರಿಲ್-ಮೇ ತಿಂಗಳುಗಳಲ್ಲಿ ಮುಂಗಾರಿಗೆ ಮುನ್ನ, ಮತ್ತೆ ಅಕ್ಟೋಬರಿನಲ್ಲಿ ಮಳೆಗಾಲ ಹಿಂದೆಗೆಯುವಾಗ, ಘಟ್ಟದ ಬುಡದಲ್ಲಿ ಗುಡುಗು-ಸಿಡಿಲುಗಳು ಎಂತಹವೆಂಬುದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಮುರಕಲ್ಲಿನ ನೆಲವು ಬೇಸಗೆಯಲ್ಲಿ ಒಣಗಿದಾಗ ಅರ್ತಿಂಗ್ ದುರ್ಬಲವಾಗುತ್ತದೆ. ಅಂದರೆ ರಕ್ಷಣೆ ಅತ್ಯಗತ್ಯವಾದ ತಿಂಗಳಲ್ಲೇ ಅದು ಕ್ಷೀಣಿಸಿರುತ್ತದೆ. ಅರ್ತಿಂಗ್ ಗುಂಡಿಗೆ ಬೇಸಗೆಯಲ್ಲಿ ನೀರು ಹನಿಸುವ ಹಳೆಯ ವಾಡಿಕೆಯನ್ನು ಬಿಡಬಾರದು. ಸಿಡಿಲಿನ ಸಮಯದಲ್ಲಿ ಪ್ಲಗ್ಗನ್ನು ಕಿತ್ತಿಡುವುದನ್ನು ಬಲ್ಲವರೂ ಒಂದನ್ನು ಮರೆಯುತ್ತಾರೆ: ಇಂಟರ್‌ನೆಟ್ಟಿನ ತಂತಿಯನ್ನು. ತಾಮ್ರದ ದೂರವಾಣಿ ತಂತಿಯ ಮೂಲಕ ನುಗ್ಗಿದ ವಿದ್ಯುತ್ತು ಬೋರ್ಡಿನ ಜಾಲದ್ವಾರವನ್ನು ಸುಡಬಲ್ಲದು. ಗಾಜಿನ ಎಳೆಯಾದ ಫೈಬರ್ ವಿದ್ಯುತ್ತನ್ನು ಒಯ್ಯದು. ಆದರೆ ಅದರ ಪೆಟ್ಟಿಗೆಗೆ ಹೋಗುವ ಅಡಾಪ್ಟರ್ ಒಯ್ಯುತ್ತದೆ. ಎರಡನ್ನೂ ಕಳಚಬೇಕು. ಇಪ್ಪತ್ತೈದು ಸಾವಿರ ರೂಪಾಯಿಯ ಬೋರ್ಡಿಗಿಂತ, ಹದಿನೈದು ಸಾವಿರದ ಬೋರ್ಡು ಮತ್ತು ಉಳಿದ ಹಣದಲ್ಲಿ ಒಂದು ಯುಪಿಎಸ್, ಒಂದು ಸರಿಯಾದ ಅರ್ತಿಂಗ್ ಈ ಸೀಮೆಗೆ ಹೆಚ್ಚು ಯೋಗ್ಯವೆನ್ನಲು ಇದೇ ಕಾರಣ.

ಸ್ವಂತ ಮನೆಯ ಯಂತ್ರಕ್ಕೆ ಸಲ್ಲುವ ಈ ಮಾತುಗಳು ಮಠದ ಶಾಲೆಗಳಿಗೂ, ಅವುಗಳಿಗೆ ನೆರವಾಗುವ ದಾನಿಗಳಿಗೂ ಸಲ್ಲುತ್ತವೆ. ಕಚೇರಿಗಳಲ್ಲಿ ಬಳಸಿ ಬಿಟ್ಟ ಗಣಕಗಳನ್ನು ಶಾಲೆಗೆ ದಾಸೋಹ ಭಾವದಿಂದ ಒಪ್ಪಿಸುವ ಹಳೆಯ ವಿದ್ಯಾರ್ಥಿಗಳ ಸದಾಶಯ ಪ್ರಶ್ನಾತೀತ. ಆದರೆ ಅಂತಹ ಸಿದ್ಧ ಗಣಕಗಳಲ್ಲಿ ಹಲವಕ್ಕೆ ಬೋರ್ಡಿನ ಆಕಾರವೂ ವಿದ್ಯುತ್ ಜೋಡಣೆಯೂ ಆಯಾ ಕಂಪನಿಯದೇ ವಿಶಿಷ್ಟ ಬಗೆಯವು. ಒಂದು ಉತ್ತಮ ಗ್ರಾಫಿಕ್ಸ್ ಕಾರ್ಡನ್ನು ಸೇರಿಸಲು ಹೋದರೆ ಜಾಗವೂ ಇರದು, ಬೇಕಾದ ವಿದ್ಯುತ್ತೂ ದೊರೆಯದು. ಬೋರ್ಡ್ ಸುಟ್ಟರೆ ಪೇಟೆಯಲ್ಲಿ ಬದಲಿ ಸಿಗದು. ಮೇಲಾಗಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಹಳೆಯ ಬೋರ್ಡುಗಳಲ್ಲಿ ಇಲ್ಲ. ಇಂತಹ ಹತ್ತು ಯಂತ್ರಗಳಿಗಿಂತ, ಎಲ್ಲ ಕಡೆಯೂ ಬಳಕೆಯಲ್ಲಿರುವ ಎಟಿಎಕ್ಸ್ ಅಳತೆಯ ಬೋರ್ಡಿನ ಮೇಲೆ, ವಿದ್ಯಾರ್ಥಿಗಳ ಕಣ್ಣೆದುರಿಗೇ, ಅವರ ಕೈಯಿಂದಲೇ ಕಟ್ಟಿಸಿದ ಒಂದು ಯಂತ್ರವು ಶಾಲೆಗೆ ಹೆಚ್ಚಿನದು. ಕಾಯಕವನ್ನು ಪಾಠವಾಗಿ ಬೋಧಿಸುವ ಶಾಲೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವುದೂ ಕಲಿಕೆಯೇ ತಾನೆ? ಬಂದಿರುವ ಹಳೆಯ ಯಂತ್ರಗಳನ್ನು ಎಸೆಯಬೇಕಾಗಿಯೂ ಇಲ್ಲ: ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ ಉಚಿತ, ಲಿನಕ್ಸಿನಲ್ಲೂ ನಡೆಯುತ್ತದೆ, ಭೂದೃಶ್ಯವನ್ನು ಮೊದಲೇ ಇಳಿಸಿಟ್ಟುಕೊಂಡರೆ ಇಂಟರ್‌ನೆಟ್ ಇಲ್ಲದಾಗಲೂ ಹಾರಿಸಬಹುದು. ಮೊದಲ ಪಾಠಗಳಿಗೆ ಅಷ್ಟು ಸಾಕು.

ಹೊಸ ಬೋರ್ಡ್ ಕೊಳ್ಳುವಾಗ ಮಾತ್ರ ಬಿಲ್ಲು ಶಾಲೆಯ ಹೆಸರಿನಲ್ಲಿರಬೇಕು, ದಾನಿಯ ಹೆಸರಿನಲ್ಲಲ್ಲ. ಸಾಮಾನ್ಯವಾಗಿ ಮೂರು ವರ್ಷಗಳ ವಾರಂಟಿ ಇರುವ ಈ ವಸ್ತು ಎರಡನೆಯ ವರ್ಷದಲ್ಲಿ ಕೆಟ್ಟಾಗ, ದಾನಿಯು ದೂರದ ಊರಿನಲ್ಲಿದ್ದು ಬಿಲ್ಲು ಅವರ ಕಪಾಟಿನಲ್ಲಿದ್ದರೆ ವಾರಂಟಿಯಿದ್ದೂ ಇಲ್ಲದಂತೆ. ಬಿಲ್ಲನ್ನೂ ಬೋರ್ಡಿನ ಪೆಟ್ಟಿಗೆಯನ್ನೂ ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿಟ್ಟು, ಅದರ ಸಂಖ್ಯೆಯನ್ನು ದಾಸ್ತಾನು ಪುಸ್ತಕದಲ್ಲಿ ಅಂದೇ ಬರೆದಿಡಬೇಕು.