ಯಾರ ಹೊಟ್ಟೆ ಕೇಳಿ ಡಬ್ಬಿ ಕಟ್ಟಿದಿರಿ?

ದಸರಾ ಮುಗಿದದ್ದೇ ತಡ, ಬೆಂಗಳೂರಿನ ಕಂಪನಿಗಳಲ್ಲಿ ಒಂದು ಫಾರಂ ಓಡಾಡಲು ಶುರುವಾಗುತ್ತದೆ. ದೀಪಾವಳಿ ಡಬ್ಬಿಗೆ ನಿಮ್ಮ ಆಯ್ಕೆ ಯಾವುದು? ಮಾಮೂಲಿಯೋ, ಜೈನ್ ಊಟವೋ, ವೀಗನ್ನೋ, ಗ್ಲುಟನ್ ಇಲ್ಲದ್ದೋ, ಸಕ್ಕರೆ ಇಲ್ಲದ್ದೋ? ಯಾವುದಾದರೂ ಅಲರ್ಜಿ ಇದೆಯೋ? ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಯ ಅಡ್ಮಿನ್ ವಿಭಾಗದಲ್ಲಿ ಕೂತು ಈ ಫಾರಂ ಕಳಿಸುವವನು ನಾನು. ಬಂದ ಉತ್ತರಗಳನ್ನು ಎಕ್ಸೆಲ್‌ಗೆ ಇಳಿಸಿ, ವೆಂಡರ್ ಜೊತೆ ಗುದ್ದಾಡಿ, ಡಬ್ಬಿಗೆ ಚೀಟಿ ಅಂಟಿಸಿ, ಒಂದೊಂದು ಮೇಜಿಗೂ ಮುಟ್ಟಿಸುವವನು ನಾನು. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಚೆನ್ನಾಗಿ ಬರುವುದರಿಂದಲೇ ಮೈ ಉರಿಯುತ್ತದೆ.

ಇದು ಸಲೀಸು ಕೆಲಸವಲ್ಲ. ಚಕ್ಕುಲಿ ಬರೀ ಅಕ್ಕಿಹಿಟ್ಟಿನದು ಎಂದು ವೆಂಡರ್ ಆಣೆ ಮಾಡುತ್ತಾನೆ. ಅದಕ್ಕೆ ಉದುರಿಸಿದ ಇಂಗಿನ ಪುಡಿಗೆ ಮೈದಾ ಬೆರೆಸಿರುತ್ತಾರೆ. ಸೀಲಿಯಾಕ್ ಕಾಯಿಲೆ ಇರುವ ಹುಡುಗಿಯ ಕರುಳಿಗೆ ಆ ಚಿಟಿಕೆಯೂ ಕೇಡು. ಖರ್ಜೂರ, ಬೆಲ್ಲ ಹಾಕಿದ ಉಂಡೆಗೆ ‘ಶುಗರ್ ಫ್ರೀ’ ಎಂಬ ಚೀಟಿ ಹಚ್ಚಿ ತರುತ್ತಾರೆ; ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ ಎಂದು ಹೇಳಿ ವಾಪಸ್ ಕಳಿಸಬೇಕು. ವೀಗನ್ ಡಬ್ಬಿಗೆ ತುಪ್ಪ, ಖೋವಾ, ಜೇನು ಯಾವುದೂ ಕೂಡದು. ಜೈನರಿಗೆ ಆಲೂಗಡ್ಡೆ ಚಿಪ್ಸ್ ಕೂಡದು, ಮಿಕ್ಸ್ಚರಿನಲ್ಲಿ ಬೆಳ್ಳುಳ್ಳಿ ಇರಕೂಡದು. ಚಾಕೊಲೇಟಿನ ಒಳಗೆ ಮದ್ಯ ಇದೆಯೇ, ಜೆಲಾಟಿನ್ ಇದೆಯೇ ಎಂದು ಮುಸ್ಲಿಂ ಗೆಳೆಯರ ಸಲುವಾಗಿ ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಕಡಲೆಬೀಜದ ಅಲರ್ಜಿ ಇದ್ದವರ ಡಬ್ಬಿಯನ್ನು ಬೇರೆಯೇ ಕಟ್ಟಿಸಬೇಕು, ಅದು ಪ್ರಾಣದ ಪ್ರಶ್ನೆ. ಇದನ್ನೆಲ್ಲ ನಾನು ಗೇಲಿ ಮಾಡುವವನಲ್ಲ. ಇನ್ನೊಬ್ಬರ ಒಡಲೊಳಗೆ ಹೋಗುವುದನ್ನು ಕೊಡುವ ಮುಂಚೆ ಅವರನ್ನು ಕೇಳಬೇಕು. ಅದು ಮನುಷ್ಯರ ನಡತೆ.

ಅಂದರೆ ಕೇಳಲು ನಿಮಗೆ ಬರುತ್ತದೆ. ಬಂದೂ ಕೇಳುವುದಿಲ್ಲ.

ನಮ್ಮವ್ವನನ್ನು ಯಾರೂ ಕೇಳಲಿಲ್ಲ. ಮಳವಳ್ಳಿ ಕಡೆಯ ಹಟ್ಟಿಯಿಂದ ಬಂದ ಹೆಂಗಸು, ಇನ್ನೊಂದು ಟೆಕ್ ಪಾರ್ಕಿನಲ್ಲಿ ಏಜೆನ್ಸಿಯ ನೀಲಿ ಸೀರೆ ಉಟ್ಟು ನೆಲ ಒರೆಸಿದವಳು, ಕಕ್ಕಸು ತೊಳೆದವಳು. ಸಕ್ಕರೆ ಕಾಯಿಲೆ ಅವಳಿಗೆ. ಕಾಲ ಬೆರಳಿಗೆ ಗಾಯವಾದರೆ ತಿಂಗಳಾದರೂ ಮಾಯುತ್ತಿರಲಿಲ್ಲ, ಫಿನಾಯಿಲ್ ನೀರಿನಲ್ಲಿ ಅದೇ ಕಾಲು. ದೀಪಾವಳಿಯ ಹಿಂದಿನ ದಿನ ಅವರನ್ನೆಲ್ಲ ಬೇಸ್‌ಮೆಂಟಿನಲ್ಲಿ ಸಾಲಾಗಿ ನಿಲ್ಲಿಸಿದರು. ಜನರೇಟರ್ ಪಕ್ಕದಲ್ಲಿ. ಕೈಗೊಂದು ಸೋನ್ ಪಾಪ್ಡಿ ಪೊಟ್ಟಣ ಇಟ್ಟರು. ‘ನಗಮ್ಮ, ಸ್ವಲ್ಪ ನಗಮ್ಮ’ ಎಂದು ಫೋಟೊ ಹಿಡಿದರು. ಆ ಫೋಟೊ ಕಂಪನಿಯ ಪುಟದಲ್ಲಿ ಬಂತು. ಅವ್ವನ ಹೆಸರು ಬರಲಿಲ್ಲ. ಮನೆಗೆ ಬಂದವಳು ಪೊಟ್ಟಣವನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟು, ಬಾಗಿಲಲ್ಲೇ ಕೂತು ಹೇಳಿದಳು: ‘ಕೇಳಿದ್ರೆ ಹೇಳ್ತಿದ್ದೆ ಕಣಪ್ಪ. ಸಿಹಿ ಬ್ಯಾಡ, ಎರಡು ಸೇರು ತೊಗರಿಬೇಳೆ ಕೊಡಿ ಅಂತಿದ್ದೆ. ಬಾಯಿ ಐತೆ ನಂಗೂವೆ.’

ನನಗೆ ನೆನಪಾದದ್ದು ಊರಿನ ದೀಪಾವಳಿ. ದೊಡ್ಡವರ ಮನೆಯ ಜಗುಲಿಯ ಕೆಳಗೆ ಅವ್ವ ಸೆರಗೊಡ್ಡಿ ನಿಲ್ಲುತ್ತಿದ್ದಳು, ನಾನು ಅವಳ ಸೀರೆ ಹಿಡಿದು ನಿಲ್ಲುತ್ತಿದ್ದೆ. ಕಜ್ಜಾಯ ಮೇಲಿನಿಂದ ಬೀಳುತ್ತಿತ್ತು. ಕೈಗೆ ಕೈ ತಾಕಬಾರದು, ಅದಕ್ಕೆ. ಕೆಲವೊಮ್ಮೆ ಗುರಿ ತಪ್ಪಿ ಮಣ್ಣಿಗೆ ಬೀಳುತ್ತಿತ್ತು. ಅವ್ವ ಒರೆಸಿ ನನಗೆ ಕೊಡುತ್ತಿದ್ದಳು. ಆ ಜಗುಲಿಯನ್ನು ದಾಟಿ ಬರಬೇಕೆಂದೇ ನಮ್ಮನ್ನು ಓದಿಸಿದಳು. ಬೆಂಗಳೂರಿಗೆ ಬಂದೆವು. ಜಗುಲಿ ಇಲ್ಲಿ ಹನ್ನೆರಡು ಅಂತಸ್ತು ಎತ್ತರ ಇದೆ.

ಆ ಸಿಟ್ಟಿನಲ್ಲೇ ನಾನು ನನ್ನ ಕಂಪನಿಯಲ್ಲಿ ಕೇಳಿದೆ: ಹೌಸ್‌ಕೀಪಿಂಗ್, ಸೆಕ್ಯೂರಿಟಿ, ಪ್ಯಾಂಟ್ರಿ, ಗಾರ್ಡನ್, ಕ್ಯಾಬ್ ಡ್ರೈವರ್‌ಗಳು, ಇವರ ಹೆಸರೂ ಯಾದಿಗೆ ಹಾಕೋಣವೇ? ಎಚ್‌ಆರ್ ಮೇಡಂ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದರು: ‘ಅವರು ನಮ್ಮ ಎಂಪ್ಲಾಯೀಸ್ ಅಲ್ಲ, ವೆಂಡರ್ ಕಡೆಯವರು.’

ಬೆಳಿಗ್ಗೆ ಆರಕ್ಕೆ ನಿಮ್ಮ ಕುರ್ಚಿ ಒರೆಸುವವಳು ನಿಮ್ಮವಳಲ್ಲ. ನೀವು ಉಗಿದ ಬೇಸಿನ್ ತೊಳೆಯುವವಳು ನಿಮ್ಮವಳಲ್ಲ. ಕಂಪನಿಯ ಗುರುತಿನ ಚೀಟಿ ಅವಳ ಕೊರಳಿನಲ್ಲಿ ನೇತಾಡುತ್ತದೆ, ಅದರ ಪಟ್ಟಿಯ ಬಣ್ಣ ಮಾತ್ರ ಬೇರೆ. ಆ ಬಣ್ಣ ನೋಡಿಯೇ ಯಾವ ಲಿಫ್ಟಿಗೆ ಹತ್ತಬೇಕು, ಯಾವ ಲೋಟದಲ್ಲಿ ಕುಡಿಯಬೇಕು ಎಂದು ತೀರ್ಮಾನವಾಗುತ್ತದೆ. ನಮ್ಮೂರಿನಲ್ಲಿ ಇದಕ್ಕೆ ಬಣ್ಣದ ಪಟ್ಟಿ ಬೇಕಿರಲಿಲ್ಲ.

ಇನ್ನು ದುಡ್ಡಿನ ಮಾತು. 1965ರ ಬೋನಸ್ ಕಾಯ್ದೆಗೆ ಮುಂದೆ ಬಂದ ತಿದ್ದುಪಡಿ ಕನಿಷ್ಠ ಶೇಕಡಾ 8.33 ಬೋನಸ್ ಎಂದು ಬರೆಯಿತು, ಅಂದರೆ ವರ್ಷದ ಲೆಕ್ಕದ ಸಂಬಳದಲ್ಲಿ ಹನ್ನೆರಡರಲ್ಲಿ ಒಂದು ಪಾಲು. 2015ರ ತಿದ್ದುಪಡಿ ತಿಂಗಳಿಗೆ 21,000 ರೂಪಾಯಿ ಸಂಬಳದವರೆಗೂ ಅದನ್ನು ಚಾಚಿತು. ವರ್ಷದಲ್ಲಿ 30 ದಿನ ದುಡಿದಿದ್ದರೆ ಸಾಕು. 2019ರ ವೇತನ ಸಂಹಿತೆಯೂ ಆ 8.33 ಅನ್ನು ಹಾಗೇ ಇಟ್ಟುಕೊಂಡಿದೆ. ಏಜೆನ್ಸಿಯ ಕೆಲಸಗಾರರಿಗೆ ಇದು ಇಲ್ಲವೆಂದು ಯಾವ ಕಾನೂನೂ ಹೇಳಿಲ್ಲ. ಆದರೆ ನಾನು ಏಜೆನ್ಸಿ ಬಿಲ್ಲುಗಳನ್ನು ಕಣ್ಣಾರೆ ನೋಡುವವನು. ಬೋನಸ್ ಎಂಬ ಸಾಲು ಬಿಲ್ಲಿನಲ್ಲಿ ಇರುತ್ತದೆ, ಕಂಪನಿ ಕೊಡುತ್ತದೆ. ಆ ದುಡ್ಡು ಹೆಂಗಸರ ಕೈಗೆ ಬರುವ ಹೊತ್ತಿಗೆ ‘ತಿಂಗಳ ಸಂಬಳದಲ್ಲೇ ಸೇರಿದೆಯಮ್ಮ’ ಎಂಬ ಮಾತಾಗಿರುತ್ತದೆ. ಕೇಳಿದವಳಿಗೆ ನಾಳೆಯಿಂದ ಬೇರೆ ಸೈಟು, ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರದ್ದು.

ಒಂದು ತಿಂಗಳ ಸಂಬಳ ನುಂಗಿ ಒಂದು ಪೊಟ್ಟಣ ಸೋನ್ ಪಾಪ್ಡಿ ಕೊಡುತ್ತೀರಿ.

ಈಗ ಆ ಫಾರಂಗೆ ಮರಳುತ್ತೇನೆ, ಅದರಲ್ಲಿ ಇಲ್ಲದ ಕಾಲಂಗೆ. ‘ಮಾಮೂಲಿ’ ಎಂದರೆ ಅದರಲ್ಲಿ ಸಸ್ಯಾಹಾರ. ಕೇಂದ್ರ ಸರ್ಕಾರದ 2014ರ ಎಸ್‌ಆರ್‌ಎಸ್ ಸಮೀಕ್ಷೆಯೇ ಹೇಳುವಂತೆ ಕರ್ನಾಟಕದ ಐವರು ವಯಸ್ಕರಲ್ಲಿ ಸುಮಾರು ನಾಲ್ವರು ಮಾಂಸ ತಿನ್ನುವವರು. ನಾಲ್ವರ ಊಟ ಮಾಮೂಲಿಯಲ್ಲ, ಒಬ್ಬನದು ಮಾಮೂಲಿ. ಪಿತೃಪಕ್ಷದಲ್ಲಿ ಹಿರಿಯರ ಎಡೆಗೆ ಬಾಡು ಇಡುವವರು ನಾವು. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ನಸುಕಿನಲ್ಲೇ ಮಟನ್ ಅಂಗಡಿ ಮುಂದೆ ಸಾಲು ನಿಲ್ಲುವವರು ನಾವು. ನಮಗೂ ಹಬ್ಬವಿದೆ, ನಮ್ಮ ಹಬ್ಬಕ್ಕೂ ರುಚಿಯಿದೆ. ಅದಕ್ಕೂ ಒಂದು ಕಾಲಂ ಇಡೋಣ ಎಂದಾಗ, ಮಾಂಸದ ಪದಾರ್ಥ ಡಬ್ಬಿಯಲ್ಲಿ ಕೆಡುತ್ತದೆ ಎಂದರು ಕಂಪನಿಯವರು. ಕರಾವಳಿಯ ಸಿಗಡಿ ಚಟ್ನಿ, ಕೋಳಿ ಉಪ್ಪಿನಕಾಯಿ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇರುತ್ತವೆ ಎಂದೆ. ಮೊಟ್ಟೆ ಹಾಕಿದ ಕೇಕ್ ಆದರೂ ಇಡಿ ಎಂದೆ. ಕೊನೆಗೆ ಬಾಯಿಬಿಟ್ಟರು: ‘ಹಬ್ಬದ ಡಬ್ಬಿ ಅಲ್ವಾ, ಸೆಂಟಿಮೆಂಟ್ ಇರುತ್ತೆ.’

ಯಾರ ಸೆಂಟಿಮೆಂಟು? ನನ್ನದು ಎಲ್ಲಿ ಹೋಯಿತು?

ಅವ್ವ ಕಟ್ಟಿಕೊಟ್ಟ ಬೋಟಿ ಗೊಜ್ಜನ್ನು ಒಂದು ಮಧ್ಯಾಹ್ನ ಆಫೀಸಿನ ಮೈಕ್ರೊವೇವಿನಲ್ಲಿ ಬಿಸಿ ಮಾಡಿದೆ. ಸಂಜೆಯೊಳಗೆ ಎಲ್ಲರಿಗೂ ಮೇಲ್ ಬಂತು: ಪ್ಯಾಂಟ್ರಿಯಲ್ಲಿ ‘ತೀವ್ರ ವಾಸನೆ’ಯ ಆಹಾರ ಬಿಸಿ ಮಾಡಬೇಡಿ. ಹೆಸರು ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಆ ಮೇಲ್ ಓದಿದವರೆಲ್ಲ ನನ್ನ ಕಡೆ ತಿರುಗಿದರು. ಗೋಧಿ ಆಗದವಳಿಗೆ ಬೇರೆ ಡಬ್ಬಿ ಹುಡುಕಿಸಿದ ಕಚೇರಿ, ನನ್ನ ತಾಯಿ ಬೇಯಿಸಿದ ಅನ್ನವನ್ನು ಫೈರ್ ಎಕ್ಸಿಟ್ ಮೆಟ್ಟಿಲಿನ ಮೇಲೆ ಕೂತು ತಣ್ಣಗೆ ತಿನ್ನುವಂತೆ ಮಾಡಿತು. ಒಬ್ಬರ ಒಡಲಿಗೆ ಆಗದ್ದು ‘ಅಗತ್ಯ’ವಾಯಿತು, ನನ್ನ ಒಡಲು ಬೇಡುವುದು ‘ದೂರು’ ಆಯಿತು.

ಇದು ಕಂಪನಿಗಳ ಕಾಯಿಲೆ ಮಾತ್ರವಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ, ಬಾಡೂಟದ ನೆಲದಲ್ಲಿ, ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಸೂಚನೆಯಲ್ಲಿ ಮದ್ಯ, ತಂಬಾಕಿನ ಜೊತೆ ಮಾಂಸಾಹಾರವನ್ನೂ ನಿಷೇಧದ ಸಾಲಿಗೆ ಸೇರಿಸಿದರು. ನಮ್ಮ ಅನ್ನವನ್ನು ಸಾರಾಯಿಯ ಪಕ್ಕದಲ್ಲಿ ಬರೆದರು. ಜನ ಬೀದಿಗೆ ಬಂದ ಮೇಲೆ ಅದನ್ನು ತೆಗೆದರು. 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಯಾದಗಿರಿಯಂಥ ಜಿಲ್ಲೆಗಳ ಶಾಲೆಗಳಲ್ಲಿ, ರಕ್ತವಿಲ್ಲದೆ ಬಿಳುಚಿದ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಅಡ್ಡ ನಿಂತರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು, ಆದರೂ ಅಡ್ಡ ನಿಂತರು. ಗಂಗಾವತಿಯ ಒಬ್ಬ ಶಾಲಾ ಹುಡುಗಿ, ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಮುಖಕ್ಕೆ ಹೊಡೆದಂತೆ ಹೇಳಿದಳು. ಆ ಮಗುವಿಗಿರುವ ಎದೆ ನಮ್ಮ ಮ್ಯಾನೇಜರುಗಳಲ್ಲಿ ಒಬ್ಬರಿಗೂ ಇಲ್ಲ.

ನಿಮ್ಮ ಶುದ್ಧ ಡಬ್ಬಿಯನ್ನೂ ಒಮ್ಮೆ ಬಿಚ್ಚಿ ನೋಡೋಣ. ಕಾಜು ಕಟ್ಲಿಯ ಮೇಲಿನ ಬೆಳ್ಳಿ ವರ್ಕ್ ಇದೆಯಲ್ಲ, ಅದನ್ನು ತಲೆಮಾರುಗಳಿಂದ ದನದ ಕರುಳಿನ ಪೊರೆಗಳ ನಡುವೆ ಇಟ್ಟು ಬಡಿದು ತೆಳ್ಳಗೆ ಮಾಡುತ್ತಿದ್ದರು. ಪ್ರಾಣಿಯ ವಸ್ತು ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ತಂದದ್ದು 2016ರಲ್ಲಿ. ಅಲ್ಲಿಯವರೆಗೆ ಆ ಪೊರೆ ಯಾರ ಹಬ್ಬವನ್ನೂ ಕೆಡಿಸಿರಲಿಲ್ಲ. ನನ್ನ ಬುತ್ತಿ ಕೆಡಿಸಿತು. ಅದೇ ಕಟ್ಲಿಯ ಗೋಡಂಬಿ ಸುಲಿಯುವ ಕರಾವಳಿಯ, ಕೇರಳದ ಹೆಂಗಸರ ಬೆರಳು ನೋಡಿದ್ದೀರಾ? ಸಿಪ್ಪೆಯ ಎಣ್ಣೆ ಚರ್ಮ ಸುಟ್ಟು ಕಪ್ಪಾಗಿಸುತ್ತದೆ. ಆ ಬೆರಳುಗಳಿಗೆ ನಿಮ್ಮ ಯಾವ ಚೀಟಿಯಲ್ಲೂ ಗುರುತಿಲ್ಲ. ಇನ್ನು ‘ಗ್ಲುಟನ್ ಫ್ರೀ’ ಡಬ್ಬಿಯಲ್ಲಿ ಹೊಳೆಯುವ ಕಾಗದ ಸುತ್ತಿ ಕೂತಿರುವುದು ರಾಗಿ ಬಿಸ್ಕತ್ತು, ನವಣೆ ಉಂಡೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಮಾಡಿದ ಮೇಲೆ ಇವುಗಳ ಬೆಲೆ ಅವ್ವನ ಕೈಗೆ ನಿಲುಕುವುದಿಲ್ಲ. ಮುದ್ದೆ ತಿಂದೇ ಕರ್ರಗಾಗಿದ್ದೀಯ ಎಂದು ಶಾಲೆಯಲ್ಲಿ ನನ್ನನ್ನು ಅಳಿಸಿದರು. ಆ ಅಳುವಿನ ಲೆಕ್ಕ ಚುಕ್ತಾ ಆಗಿಲ್ಲ. ಧಾನ್ಯ ಮೇಲಕ್ಕೆ ಹೋಯಿತು, ಬೆಳೆದವರೂ ತಿಂದವರೂ ಕೆಳಗೇ ಉಳಿದರು.

ಈ ವರ್ಷ ನಾನು ಯಾರ ಅಪ್ಪಣೆಗೂ ಕಾಯಲಿಲ್ಲ. ಫಾರಂ ಅಚ್ಚು ಹಾಕಿಸಿಕೊಂಡು ಬೇಸ್‌ಮೆಂಟಿಗೆ ಇಳಿದೆ. ಓದಲು ಬಾರದವರಿಗೆ ಓದಿ ಹೇಳಿದೆ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ಒಬ್ಬಾಕೆ ಒಂದು ಟ್ರೇ ಮೊಟ್ಟೆ ಕೇಳಿದಳು, ಬಾಣಂತಿ ಮಗಳಿಗೆ. ಅಸ್ಸಾಮಿನ ಗಾರ್ಡ್ ಒಣಮೀನು ಕೇಳಿದ, ಕೇಳಿ ನಾಚಿಕೊಂಡ. ಇಬ್ಬರು ಸಕ್ಕರೆ ಕಾಯಿಲೆಯವರು, ಬೇಳೆ ಮತ್ತು ಎಣ್ಣೆ ಸಾಕೆಂದರು. ಕಲಬುರಗಿ ಕಡೆಯ ಅಜ್ಜಿ ಜೋಳ ಕೇಳಿದಳು, ‘ಚಲೋ ಬಿಳಿಜೋಳ’ ಎಂದು ಒತ್ತಿ ಹೇಳಿದಳು. ಪ್ಯಾಂಟ್ರಿ ಹುಡುಗ ಏನೂ ಬೇಡ, ಹಬ್ಬದ ದಿನ ಒಂದು ರಜೆ ಬೇಕು, ಊರಲ್ಲಿ ತಾಯಿ ಒಬ್ಬಳೇ ಇದ್ದಾಳೆ ಎಂದ. ಉಳಿದವರಲ್ಲಿ ಹೆಚ್ಚಿನವರು ಡಬ್ಬಿಯ ಮಾತೇ ಎತ್ತಲಿಲ್ಲ. ‘ಬೋನಸ್ಸು ಯಾವಾಗ ಸಾರ್?’ ಎಂದರು.

ಅದೆಲ್ಲವನ್ನೂ ಒಂದಕ್ಷರ ಬಿಡದೆ ಟೈಪ್ ಮಾಡಿ, ‘ಮಾಂಸ, ಮೊಟ್ಟೆ’ ಎಂಬ ಕಾಲಂ ಸೇರಿಸಿ, ಏಜೆನ್ಸಿಯ ಬಿಲ್ಲಿನಲ್ಲಿರುವ ಬೋನಸ್ ಸಾಲಿನ ಪ್ರತಿಯನ್ನೂ ಲಗತ್ತಿಸಿ ಮೇಲಕ್ಕೆ ಕಳಿಸಿದ್ದೇನೆ. ಇನ್ನೂ ಜವಾಬು ಬಂದಿಲ್ಲ. ‘ನೋಡೋಣ’ ಎಂಬ ಬಾಯಿಮಾತು ನನಗೆ ಬೇಡ. ಆ ಅಜ್ಜಿಗೆ ಜೋಳ ಕೊಡುವುದಿಲ್ಲ, ಆ ಹೆಂಗಸರ ಬೋನಸ್ ಎಲ್ಲಿ ಹೋಯಿತೆಂದು ವಿಚಾರಿಸುವುದಿಲ್ಲ ಎಂದಾದರೆ, ಅದನ್ನು ನಿಮ್ಮ ಹೆಸರು, ಹುದ್ದೆ ಹಾಕಿ ಕಾಗದದ ಮೇಲೆ ಬರೆದುಕೊಡಿ. ಬೇಸ್‌ಮೆಂಟಿನ ಗೋಡೆಗೆ ಅಂಟಿಸುವ ಕೆಲಸ ನನಗೆ ಬಿಡಿ.