ಉಸಿರಾಡಿದ್ರೆ ಗಡ್ಡೆನೂ ಅಲ್ಲಾಡುತ್ತೆ: ರೇಡಿಯೇಷನ್‌ಗೆ ಮುಂಚೆ ಕೇಳಬೇಕಾದ ಪ್ರಶ್ನೆ

ಯಲಹಂಕ: ಹೊಟ್ಟೆ ಭಾಗದ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡಬೇಕು ಅಂದ ತಕ್ಷಣ ಮನೆಯವರು ಕೇಳೋದು ಎರಡೇ ಪ್ರಶ್ನೆ. ಎಷ್ಟು ದಿನ? ಎಷ್ಟು ಖರ್ಚು? ಅಂಗಡಿ ಬಾಗಿಲು ಹಾಕಿ ವಾರಗಟ್ಟಲೆ ಓಡಾಡೋರಿಗೆ ಅದು ಸಹಜ. ಆದರೆ ಮೂರನೇ ಪ್ರಶ್ನೆ ಒಂದಿದೆ: ಉಸಿರಾಡುವಾಗ ಗಡ್ಡೆ ಅಲ್ಲಾಡುತ್ತಲ್ಲ, ಅದಕ್ಕೇನು ಮಾಡ್ತೀರಿ?

ಉಸಿರು ಎಳೆದಾಗ ಎದೆ-ಹೊಟ್ಟೆ ನಡುವಿನ ವಪೆ ಕೆಳಗಿಳಿಯುತ್ತೆ. ಅದರ ಜೊತೆ ಲಿವರ್, ಮೇದೋಜೀರಕ, ಕಿಡ್ನಿ ಕೂಡ ಜರುಗುತ್ತವೆ. ಸಾಮಾನ್ಯ ಉಸಿರಾಟದಲ್ಲೇ ಸುಮಾರು 1ರಿಂದ 2 ಸೆಂ.ಮೀ., ಒಬ್ಬೊಬ್ಬರಿಗೆ ಒಂದೊಂದು ರೀತಿ. ಇದನ್ನು ಲೆಕ್ಕಕ್ಕೆ ತಗೊಳ್ಳದಿದ್ರೆ ಕಿರಣ ಗಡ್ಡೆ ತಪ್ಪಿಸಿ ಪಕ್ಕದ ಕರುಳಿಗೆ ಬೀಳಬಹುದು. ಸುತ್ತ ಜಾಸ್ತಿ ಜಾಗಕ್ಕೆ ಕಿರಣ ಬಿಟ್ಟರೆ ಗಡ್ಡೆ ತಪ್ಪಲ್ಲ, ಆದ್ರೆ ಒಳ್ಳೆ ಭಾಗಕ್ಕೂ ಏಟು. ಚಲನೆ 5 ಮಿ.ಮೀ.ಗಿಂತ ಹೆಚ್ಚಿದ್ದರೆ ನಿಯಂತ್ರಣ ಕ್ರಮ ಬೇಕು ಅಂತ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2006ರಲ್ಲೇ ಹೇಳಿದೆ.

ದಾರಿಗಳು ಹಲವು. ಮೊದಲು 4ಡಿ ಸಿಟಿ ಸ್ಕ್ಯಾನ್ ಮಾಡಿ ಗಡ್ಡೆ ಎಷ್ಟು ಜರುಗುತ್ತೆ ಅಂತ ಅಳೀತಾರೆ. ಆಮೇಲೆ ಹೊಟ್ಟೆಗೆ ಬೆಲ್ಟ್ ಬಿಗಿದು ಚಲನೆ ಕಮ್ಮಿ ಮಾಡಬಹುದು. ಇಲ್ಲವೇ 15-20 ಸೆಕೆಂಡ್ ಉಸಿರು ಹಿಡಿಸಿ ಅಷ್ಟರಲ್ಲಿ ಕಿರಣ ಬಿಡ್ತಾರೆ. ಉಸಿರು ಹಿಡಿಯೋಕೆ ಆಗದ ವಯಸ್ಸಾದವರಿಗೆ, ದಮ್ಮು ಇರೋರಿಗೆ ಗೇಟಿಂಗ್ ಇದೆ. ಉಸಿರಾಟದ ಒಂದು ಹಂತದಲ್ಲಿ ಮಾತ್ರ ಕಿರಣ ಆನ್, ಉಳಿದಾಗ ಆಫ್.

ಎಲ್ಲರಿಗೂ ಇದು ಬೇಕು ಅಂತಿಲ್ಲ. ನೋವು ಕಮ್ಮಿ ಮಾಡೋಕಷ್ಟೇ ಕೊಡುವ ರೇಡಿಯೇಷನ್‌ಗೆ ಸಾದಾ ವಿಧಾನ ಸಾಕಾಗಬಹುದು. ಆದರೆ ಮೂರರಿಂದ ಐದೇ ಸಿಟ್ಟಿಂಗ್‌ನಲ್ಲಿ ಹೆಚ್ಚು ಡೋಸ್ ಕೊಡುವ ಎಸ್‌ಬಿಆರ್‌ಟಿ ಅಂದ್ರೆ ಮಿಲಿಮೀಟರ್ ಕೂಡ ಲೆಕ್ಕಕ್ಕೆ ಬರುತ್ತೆ.

ನಮ್ಮ ಕಡೆಯವರಿಗೆ ಸರ್ಕಾರಿ ಕಿದ್ವಾಯಿ ಅಂದ್ರೆ ಹೆಬ್ಬಾಳ ದಾಟಿ ಊರಿನ ಆ ತುದಿ. ಹತ್ತಿರದಲ್ಲಿ ಮತ್ತಿಕೆರೆ ಪಕ್ಕದ ರಾಮಯ್ಯದಲ್ಲೂ ರೇಡಿಯೇಷನ್ ವಿಭಾಗ ಇದೆ. ಬರೀ ದೂರ ನೋಡಿ ತೀರ್ಮಾನ ಮಾಡಬೇಡಿ. ನಿಮ್ಮ ಗಡ್ಡೆಗೆ ಬೇಕಾದ ವ್ಯವಸ್ಥೆ ಅಲ್ಲಿದೆಯಾ ಅಂತ ಕೇಳಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30, ಅಂದ್ರೆ ಗರಿಷ್ಠ 1.5 ಲಕ್ಷ ಸಿಗುತ್ತೆ. ಯಾವ ವಿಧಾನಕ್ಕೆ ಮಂಜೂರಾತಿ ಸಿಕ್ಕಿದೆ ಅಂತ ಆರೋಗ್ಯ ಮಿತ್ರರ ಹತ್ರ ಮೊದಲೇ ಖಚಿತ ಮಾಡ್ಕೊಳ್ಳಿ.

ರೋಗಿ ಕೈಲೂ ಕೆಲಸ ಇದೆ. ಹೇಳಿದಷ್ಟು ಹೊತ್ತು ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ, ಯಾಕಂದ್ರೆ ತುಂಬಿದ ಹೊಟ್ಟೆ ಗಡ್ಡೆ ಜಾಗ ಬದಲಿಸಬಹುದು. ಉಸಿರು ಹಿಡಿಯೋದನ್ನ ಮನೇಲೇ ಅಭ್ಯಾಸ ಮಾಡಿ. ಕೆಮ್ಮು, ನೆಗಡಿ ಇದ್ರೆ ಮೇಜಿನ ಮೇಲೆ ಮಲಗೋ ಮುಂಚೆನೇ ಟೆಕ್ನಿಷಿಯನ್‌ಗೆ ಹೇಳಿ.