ಗಿಟಾರ್ ಇರಲಿ, ಸ್ಪೀಕರ್ ಬೇಡ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಸಾಣಾಪುರ, ಆನೆಗೊಂದಿ ಕಡೆಯ ಬಂಡೆಗಳಿಗೆ ಗಿಟಾರ್ ಹೊಸದಲ್ಲ. ಅಲ್ಲೇ ತುಂಗಭದ್ರೆಯ ನಡುಗಡ್ಡೆಯಾದ ವಿರುಪಾಪುರಗಡ್ಡೆಯಲ್ಲಿ ರೆಸಾರ್ಟ್‌ಗಳಿದ್ದ ಕಾಲದಲ್ಲಿ ದೇಶವಿದೇಶದ ಹುಡುಗ ಹುಡುಗಿಯರು ಸಂಜೆಯಾದರೆ ಬಂಡೆ ಹತ್ತಿ, ಹೊಳೆಯ ಕಡೆ ಮುಖ ಮಾಡಿ ತಂತಿ ಮೀಟುತ್ತಿದ್ದರು. 2020ರ ಫೆಬ್ರುವರಿಯಲ್ಲಿ ಆ ರೆಸಾರ್ಟ್‌ಗಳ ವಿರುದ್ಧ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಮಾರ್ಚ್‌ನಲ್ಲಿ ಕಟ್ಟಡಗಳು ನೆಲಸಮವಾದವು. ಬಯಲಿನಲ್ಲಿ ಗಿಟಾರ್ ನುಡಿಸುವ ಆಸೆ ಹಾಗೆ ಕೆಡವಿದರೆ ಹೋಗುವಂಥದ್ದಲ್ಲ. ಲೋಕದ ಹಲವೆಡೆ ಅದು ಈಗ ಇನ್ನೊಂದು ರೂಪ ಪಡೆದಿದೆ: ಹಕ್ಕಿ, ಮಳೆ, ಹರಿವ ನೀರಿನ ದನಿಗಳನ್ನು ಮೊದಲು ಮುದ್ರಿಸಿಕೊಂಡು, ಅವುಗಳ ಜೊತೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತ ಹೋಗುವುದು. ನಮ್ಮ ಜಿಲ್ಲೆಯ ಹುಡುಗರಿಗೂ ಈ ರೂಢಿ ಬರಲಿ ಎಂದೇ ನನ್ನ ಹಾರೈಕೆ. ಒಂದು ತಕರಾರೂ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಹಕ್ಕಿಯ ದನಿಯ ಮೊದಲ ಮುದ್ರಣ ನಮ್ಮ ದೇಶದ ಹಕ್ಕಿಯದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1889ರಲ್ಲಿ ಜರ್ಮನಿಯ ಲುಡ್ವಿಗ್ ಕಾಖ್ ಎಂಬ ಪುಟ್ಟ ಹುಡುಗ ತನ್ನ ಪಂಜರದಲ್ಲಿದ್ದ ಭಾರತದ ಶಾಮಾ ಹಕ್ಕಿಯ ಹಾಡನ್ನು ಮೇಣದ ಉರುಳೆಯ ಮೇಲೆ ಹಿಡಿದಿಟ್ಟ. 1924ರ ಮೇ 19ರ ರಾತ್ರಿ ಇಂಗ್ಲೆಂಡಿನ ಆಕ್ಸ್‌ಟೆಡ್‌ನಲ್ಲಿ ಬಿಯಾಟ್ರಿಸ್ ಹ್ಯಾರಿಸನ್ ಎಂಬಾಕೆ ತನ್ನ ತೋಟದಲ್ಲಿ ಕೂತು ಚೆಲ್ಲೋ ನುಡಿಸಿದರು. ಜೊತೆಗೆ ನೈಟಿಂಗೇಲ್ ಹಾಡಿತು, ಬಿಬಿಸಿ ಅದನ್ನು ನೇರವಾಗಿ ಬಿತ್ತರಿಸಿತು. ಆ ಕಾರ್ಯಕ್ರಮ ಪ್ರತಿವರ್ಷ ನಡೆಯತೊಡಗಿತು. 1942ರಲ್ಲಿ ಅದೇ ತೋಟದಲ್ಲಿ ಮೈಕು ಇಟ್ಟಾಗ ಹಕ್ಕಿಯ ಹಾಡಿನ ಹಿಂದೆ ಜರ್ಮನಿಯ ಮೇಲೆ ಬಾಂಬು ಹಾಕಲು ಹೊರಟ ವಿಮಾನಗಳ ಮೊರೆತ ಏರಿತು. ಶತ್ರುವಿಗೆ ಸುಳಿವು ಸಿಕ್ಕೀತೆಂದು ಪ್ರಸಾರ ನಿಲ್ಲಿಸಿದರು, ಮುದ್ರಣ ನಿಲ್ಲಿಸಲಿಲ್ಲ. ಹಕ್ಕಿಯ ಹಾಡಿಗೆಂದು ಇಟ್ಟ ಮೈಕು ಮಹಾಯುದ್ಧದ ಒಂದು ರಾತ್ರಿಗೆ ಸಾಕ್ಷಿಯಾಯಿತು.

ನಮ್ಮ ಜಿಲ್ಲೆಯಲ್ಲಿ ಮೈಕು ಇಟ್ಟರೆ ಏನು ಸಿಕ್ಕೀತು? ಗಂಗಾವತಿಯ ಗದ್ದೆ ಬಯಲಿನಲ್ಲಿ ನಾಟಿಯ ದಿನಗಳ ರಾತ್ರಿ ಕಪ್ಪೆಗಳ ವಟಗುಟ್ಟುವಿಕೆ ಊರನ್ನೇ ತುಂಬುತ್ತದೆ. ಇದು ಅನಾದಿಯಿಂದ ಇದ್ದ ದನಿಯೆಂದು ನಾವು ತಿಳಿದಿದ್ದೇವೆ. ಆನೆಗೊಂದಿ ಸುತ್ತಿನ ಹಳೆಯ ವಿಜಯನಗರ ಕಾಲುವೆಗಳ ಅಚ್ಚುಕಟ್ಟನ್ನು ಬಿಟ್ಟರೆ, ಉಳಿದ ಬಯಲಿಗೆ ಇಷ್ಟು ನೀರು ಬಂದದ್ದು 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಎಡದಂಡೆ ಕಾಲುವೆ ಹರಿದ ನಂತರ. ಅದಕ್ಕೂ ಮೊದಲು ಈ ಒಣನೆಲದ ರಾತ್ರಿ ಹೇಗೆ ಕೇಳುತ್ತಿತ್ತು? ಇವತ್ತು ಕೇಳಿಸಿಕೊಳ್ಳಲು ದಾರಿಯಿಲ್ಲ. ಎರೆನೆಲದ ದೊರವಾಯನ ಹಕ್ಕಿ, ಅಂದರೆ ಹೆಬ್ಬಕ, ಈಗ ಕರ್ನಾಟಕದಲ್ಲಿ ಹೊಳೆಯಾಚೆ ಸಿರುಗುಪ್ಪ ಭಾಗದಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ. ಅದರ ಹೂಂಕಾರ ನಮ್ಮ ಮಕ್ಕಳ ಕಿವಿಗೆ ಬೀಳುವುದು ಅನುಮಾನ.

ಕುಷ್ಟಗಿ, ಯಲಬುರ್ಗಾದ ಕಡೆ ಹೋದರೆ ಕೇಳುವಿಕೆಯೇ ಬೇರೆ. ಅಲ್ಲಿ ಗಾಳಿಯೇ ಯಜಮಾನ. ಆಷಾಢದಲ್ಲಿ ಸಜ್ಜೆಯ ಹೊಲದ ಮೇಲೆ ಬೀಸುವ ಗಾಳಿಗೂ ಮಾಗಿಯಲ್ಲಿ ಒಣಗಿದ ಜೋಳದ ದಂಟಿನ ನಡುವೆ ಸುಳಿಯುವ ಗಾಳಿಗೂ ದನಿಯಲ್ಲಿ ಅಜಗಜಾಂತರ. ಬೆಳಗಿನ ಜಾವ ಗೌಜಲಹಕ್ಕಿ, ಬಿಸಿಲೇರಿದಂತೆ ನೆಲಗುಬ್ಬಿ, ಯಾರೇ ಹಾದರೂ ಚೀರುವ ಟಿಟ್ಟಿಭ. ಇವುಗಳ ಹಿಂದೆ ಈಚಿನ ವರ್ಷಗಳಲ್ಲಿ ಎದ್ದ ಗಾಳಿಯಂತ್ರಗಳ ರೆಕ್ಕೆಗಳ ಸುಂಯ್‌ಗಾಟ. ಅದನ್ನೂ ಮುದ್ರಿಸಬೇಕು, ಅಳಿಸಿ ಚೊಕ್ಕ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಕಾಲದ ಯಲಬುರ್ಗಾ ಕೇಳುವುದೇ ಹಾಗೆ.

ಇಂಥ ದನಿಗಳ ನಡುವೆ ಗಿಟಾರ್ ಎಲ್ಲಿ ಕೂರಬೇಕು? ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಅತಿ ತೆಳುವಾದ ತಂತಿಯನ್ನು ಕೊನೆಯ ಮನೆಯಲ್ಲಿ ಒತ್ತಿದರೂ ಮೂಲಸ್ವರ ಸಾವಿರದ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಣ್ಣ ಹಾಡುಹಕ್ಕಿಗಳ ಹಾಡು ಹೆಚ್ಚಾಗಿ ಎರಡು ಸಾವಿರದ ಮೇಲೆ. ಹಾಗಾಗಿ ನೆಲಗುಬ್ಬಿ ಹಾಡುವಾಗ ಗಿಟಾರ್ ಮೆಲ್ಲಗೆ ನುಡಿದರೂ ಇಬ್ಬರಿಗೂ ಜಾಗವಿದೆ. ಕೆಂಬೂತ ಹೂಂಗುಟ್ಟಿದರೆ, ದೊಡ್ಡ ಕಪ್ಪೆ ಗುಟುರು ಹಾಕಿದರೆ, ಅದು ಗಿಟಾರಿನ ಸೀಮೆಯೊಳಗೇ ಬಂದಂತೆ. ಆಗ ಕೈ ತಡೆದು ಸುಮ್ಮನಿರುವವನೇ ಬಲ್ಲವನು. ನಮ್ಮ ಕಡೆಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಗಾಯಕರ ಆಲಾಪ ಕೇಳಿ ಬೆಳೆದ ಸೀಮೆ ಇದು. ತಂಬೂರಿ ತುಂಬಿಕೊಳ್ಳುವವರೆಗೆ ಬಾಯಿ ತೆರೆಯದ ಗಾಯಕನನ್ನು ನಾವು ಕಂಡಿದ್ದೇವೆ. ಬಯಲಿನಲ್ಲಿ ತಂಬೂರಿಯ ಜಾಗದಲ್ಲಿರುವುದು ಗಾಳಿ, ಹೊಳೆ, ಜೀರುಂಡೆ.

ಬಯಲಿನ ಕಷ್ಟಗಳೂ ಉಂಟು. ಕೋಣೆಯಲ್ಲಿ ಗೋಡೆಗಳು ನಾದವನ್ನು ಮರಳಿಸುತ್ತವೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ದನಿ ಆರು ಡೆಸಿಬಲ್‌ನಷ್ಟು ಕುಗ್ಗುತ್ತ ಹೋಗುತ್ತದೆ. ಬೆನ್ನಿಗೆ ದೊಡ್ಡ ಬಂಡೆ ಇರುವಂತೆ ಕೂತರೆ ಅರ್ಧ ತೊಂದರೆ ತಪ್ಪೀತು. ಬಿಸಿಲಿಗೆ ಉಕ್ಕಿನ ತಂತಿ ಸಡಿಲಾಗಿ ಶ್ರುತಿ ಇಳಿಯುತ್ತದೆ, ನಮ್ಮ ಏಪ್ರಿಲ್ ತಿಂಗಳ ಒಣಹವೆಗೆ ಮರವೇ ಸೀಳಬಹುದು. ಸೂರ್ಯ ಹುಟ್ಟುವ ಮೊದಲಿನ ಹೊತ್ತು ಎಲ್ಲದಕ್ಕೂ ಒಳ್ಳೆಯದು: ನೆಲದ ಹತ್ತಿರ ತಂಪು ಗಾಳಿ, ಮೇಲೆ ಬೆಚ್ಚನೆಯದು ಇರುವಾಗ ದನಿ ಮೇಲೇರಿ ಕಳೆದುಹೋಗದೆ ಕೆಳಕ್ಕೆ ಬಾಗಿ ದೂರಕ್ಕೆ ಸಾಗುತ್ತದೆ.

ತಂತಿವಾದ್ಯ ಹಿಡಿದು ಬಯಲಿನಲ್ಲಿ ನಿಲ್ಲುವುದನ್ನು ಯಾರೋ ಹೊರಗಿನವರು ಬಂದು ಕಲಿಸಬೇಕಾದ ಊರು ನಮ್ಮದಲ್ಲ. ತುಂಗಭದ್ರೆಯ ದಂಡೆಯ ಹುಲಿಗಿಯಲ್ಲಿ, ಹುಲಿಗೆಮ್ಮನ ಸನ್ನಿಧಿಯಲ್ಲಿ, ಜೋಗತಿಯರು ಕಂಕುಳಲ್ಲಿ ಚೌಡಿಕೆ ಅವುಚಿ ಮೀಟುತ್ತಾರೆ. ಇರುವುದು ಒಂದೇ ತಂತಿ. ಅದನ್ನು ಬಿಗಿದು ಸಡಿಲಿಸಿ ದನಿ ಏರಿಸಿ ಇಳಿಸುತ್ತಾರೆ, ಜನಸಂದಣಿಯ ಗದ್ದಲದ ಒಳಗೇ ಜಾಗ ಹುಡುಕಿ ಹಾಡುತ್ತಾರೆ. ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸಿನ ಹಿರೇಬೆಣಕಲ್ ಗುಡ್ಡದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಶಿಲಾಸಮಾಧಿಗಳಿವೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ ಅದು. ಅಲ್ಲಿ ಎತ್ತರದಲ್ಲಿ ನಗಾರಿಯಂಥ ಒಂದು ಕಲ್ಲುಗುಂಡಿದೆ. ಬಡಿದರೆ ಅದರ ನಾದ ಒಂದು ಕಿಲೋಮೀಟರಿನಾಚೆಗೂ ಕೇಳುತ್ತದೆಂದು ಬಲ್ಲವರು ಬರೆದಿದ್ದಾರೆ. ನಾದವಿರುವ ಕಲ್ಲನ್ನು ಹುಡುಕಿ ಕಂಡುಕೊಳ್ಳಬೇಕಾದರೆ ಆ ಜನ ಈ ಗುಡ್ಡವನ್ನು ಎಷ್ಟು ಕಿವಿಗೊಟ್ಟು ಕೇಳಿರಬೇಕು!

ಈಗ ತಕರಾರು. ಮುದ್ರಿಸಿದ ಹಕ್ಕಿಯ ಕೂಗನ್ನು ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿಕೊಂಡು ಅದೇ ಹಕ್ಕಿಯ ನೆಲೆಯಲ್ಲಿ ಗಿಟಾರ್ ನುಡಿಸುವುದನ್ನು ನಾನು ಒಪ್ಪುವುದಿಲ್ಲ. ಆ ಕೂಗು ಹಕ್ಕಿಗೆ ಸಂಗೀತವಾಗಿ ಕೇಳುವುದಿಲ್ಲ. ತನ್ನ ಸೀಮೆಗೆ ಎದುರಾಳಿ ನುಗ್ಗಿದನೆಂದು ಅದು ಮೊಟ್ಟೆ ಮರಿ ಬಿಟ್ಟು ಹಾರಿಬರುತ್ತದೆ, ಇಲ್ಲದ ವೈರಿಯ ಮೇಲೆ ಶಕ್ತಿ ಕಳೆದುಕೊಳ್ಳುತ್ತದೆ. ಆನೆಗೊಂದಿ ಸುತ್ತಿನ ಬಂಡೆಗಳಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಅದು ಇಲ್ಲ. ಹೊಳೆಯಲ್ಲಿ ನೀರುನಾಯಿಗಳಿವೆ; ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶವೆಂದು ಸಾರಲಾಗಿದೆ. ಇವುಗಳ ಮನೆಯಲ್ಲಿ ಇವುಗಳದೇ ದನಿಯನ್ನು ಗಟ್ಟಿಯಾಗಿ ಹಾಕುವ ಹಕ್ಕು ನಮಗಿಲ್ಲ. ಮುದ್ರಣದ ಜೊತೆ ನುಡಿಸಬೇಕೆನಿಸಿದರೆ ಇಯರ್‌ಫೋನ್ ಇದೆ, ಮನೆಯ ಮಾಳಿಗೆ ಇದೆ. ಬಯಲಿಗೆ ಬಂದ ಮೇಲೆ ಅಲ್ಲಿರುವುದನ್ನೇ ಕೇಳಿ, ಅದಕ್ಕೇ ನುಡಿಸಿ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಾಲೇಜು ಹುಡುಗ ಹುಡುಗಿಯರಲ್ಲಿ ನನ್ನದೊಂದು ಬೇಡಿಕೆ. ತಿಂಗಳಿಗೊಮ್ಮೆ ನಿಮ್ಮ ಊರಿನ ಒಂದೇ ಜಾಗದಲ್ಲಿ ಬೆಳಗಿನ ಜಾವ ಅರ್ಧ ಗಂಟೆ ಮುದ್ರಿಸಿ. ಮೊಬೈಲ್ ಸಾಕು, ಗಾಳಿ ಹೊಡೆಯದಂತೆ ಮೈಕಿನ ತುದಿಗೆ ಉಣ್ಣೆಯ ತುಂಡು ಸುತ್ತಿ. ಊರು, ದಿನಾಂಕ, ಹೊತ್ತು, ಹೊಲದಲ್ಲಿದ್ದ ಬೆಳೆ, ಇಷ್ಟನ್ನು ಶುರುವಿನಲ್ಲೇ ಬಾಯಲ್ಲಿ ಹೇಳಿಬಿಡಿ. ಗಿಟಾರ್ ನುಡಿಸಿದ್ದನ್ನು ಬೇರೆ ಕಡತದಲ್ಲಿಡಿ, ಗಿಟಾರ್ ಇಲ್ಲದ ಮುದ್ರಣವನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಅದರ ಒಂದು ಪ್ರತಿ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿರಲಿ.